ಮುದಿ ನಕ್ಷತ್ರದ ಗ್ರಹಗಳು: ಉಳಿದವು, ಅಳಿದವು

ಮೇ ಕೊನೆಯ ವಾರ ರೋಹಿಣಿ ಮಳೆ ಹುಟ್ಟುತ್ತದೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎನ್ನುವುದು ನಮ್ಮ ರೈತರ ಹಳೆಯ ಲೆಕ್ಕ. ಸೂರ್ಯ ಆಗ ರೋಹಿಣಿ ನಕ್ಷತ್ರದಲ್ಲಿರುವುದರಿಂದ ಮಳೆಗೆ ಆ ಹೆಸರು. ಅದೇ ಕಾರಣಕ್ಕೆ ಆ ದಿನಗಳಲ್ಲಿ ರೋಹಿಣಿ ಯಾರ ಕಣ್ಣಿಗೂ ಬೀಳದು. ಸೂರ್ಯನ ಬೆಳಕಿನಲ್ಲಿ ಮುಳುಗಿಹೋಗಿರುತ್ತದೆ. ಚಳಿಗಾಲದ ರಾತ್ರಿ ಕೆಂಡದಂತೆ ಹೊಳೆಯುವ ಈ ನಕ್ಷತ್ರ ನಮ್ಮಿಂದ ಸುಮಾರು 65 ಜ್ಯೋತಿರ್ವರ್ಷ ದೂರದಲ್ಲಿದೆ. ತೂಕದಲ್ಲಿ ಅದು ಸೂರ್ಯನಿಗಿಂತ ತುಸು ಹೆಚ್ಚು ಅಷ್ಟೇ. ಅಗಲದಲ್ಲಿ ಮಾತ್ರ ಸುಮಾರು 44 ಪಟ್ಟು. ಹರೆಯದಲ್ಲಿ ಅದೂ ಹೆಚ್ಚುಕಡಿಮೆ ಸೂರ್ಯನಂತೆಯೇ ಇತ್ತು; ಈಗ ಮುಪ್ಪು ಬಂದು ಉಬ್ಬಿದೆ. ರೋಹಿಣಿ ಮಳೆಯ ದಿನಗಳಲ್ಲಿ ಸೂರ್ಯ ನಿಂತಿರುವುದು ತನ್ನ ಮುಪ್ಪಿನ ಎದುರಿಗೇ.

ಹೀಗೆ ಉಬ್ಬಿದ ನಕ್ಷತ್ರಗಳಿಗೆ ಖಗೋಳ ವಿಜ್ಞಾನಿಗಳು ಇಟ್ಟಿರುವ ಹೆಸರು ಕೆಂಪು ದೈತ್ಯ. ನಕ್ಷತ್ರ ದೈತ್ಯವಾದಾಗ ಅದರ ಸುತ್ತಲಿನ ಗ್ರಹಗಳ ಗತಿ ಏನು? ಶಾಲೆಯಲ್ಲಿ ಕಲಿತ ಉತ್ತರ ಸರಳ: ನಕ್ಷತ್ರ ಬೆಳೆಯುತ್ತ ಬಂದು ಎಟುಕಿದ ಗ್ರಹಗಳನ್ನು ನುಂಗುತ್ತದೆ, ಎಟುಕದವು ಬದುಕುತ್ತವೆ. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಸಿಕ್ಕ ಸಾಕ್ಷ್ಯಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಈ ಉತ್ತರ ಅರ್ಧದಷ್ಟೇ ಸರಿ. ಸಾಯಬೇಕಿದ್ದ ಗ್ರಹಗಳು ಕೆಲವು ಬದುಕಿವೆ. ದೈತ್ಯನ ಬಾಯಿ ಇನ್ನೂ ದೂರವಿರುವಾಗಲೇ ಕೆಲವು ಸತ್ತಿವೆ. ಗ್ರಹವನ್ನು ಕೊಲ್ಲುವುದರಲ್ಲಿ ನಕ್ಷತ್ರದ ಹೊಟ್ಟೆಗಿಂತ ದೊಡ್ಡ ಪಾತ್ರ ಅದು ಬೀಸುವ ಒಂದು ಅದೃಶ್ಯ ಹಗ್ಗದ್ದು.

ಹಿಡಿತ ಸಡಿಲುವ ಲೆಕ್ಕ

ಸೂರ್ಯನ ವಯಸ್ಸು ಈಗ ಸುಮಾರು 460 ಕೋಟಿ ವರ್ಷ. ಅದರ ತಿರುಳಿನಲ್ಲಿ ಹೈಡ್ರೋಜನ್ ಹೀಲಿಯಂ ಆಗುತ್ತಿದೆ. ಇನ್ನು ಸುಮಾರು 500 ಕೋಟಿ ವರ್ಷಕ್ಕೆ ತಿರುಳಿನ ಹೈಡ್ರೋಜನ್ ತೀರುತ್ತದೆ. ಒಲೆ ಆರಿದ ತಿರುಳು ತನ್ನ ಭಾರಕ್ಕೇ ಕುಗ್ಗಿ ಇನ್ನಷ್ಟು ಬಿಸಿಯಾಗುತ್ತದೆ. ಅದರ ಸುತ್ತಲ ಪದರದಲ್ಲಿ ಹೈಡ್ರೋಜನ್ ಹೊಸದಾಗಿ ಹೊತ್ತಿಕೊಳ್ಳುತ್ತದೆ. ಒಳಗಿನ ಉರಿ ಹೆಚ್ಚಾದಷ್ಟೂ ಹೊರಗಿನ ಹೊದಿಕೆ ಹಿಗ್ಗುತ್ತದೆ, ಹಿಗ್ಗಿದಷ್ಟೂ ತಣಿದು ಕೆಂಪಗಾಗುತ್ತದೆ.

ಎಷ್ಟು ಹಿಗ್ಗುತ್ತದೆ? ಕ್ಲಾಸ್-ಪೀಟರ್ ಶ್ರೋಡರ್ ಮತ್ತು ರಾಬರ್ಟ್ ಸ್ಮಿತ್ 2008ರಲ್ಲಿ ಪ್ರಕಟಿಸಿದ ಲೆಕ್ಕವನ್ನು ಈಗಲೂ ಎಲ್ಲರೂ ಎತ್ತಿಕೊಳ್ಳುತ್ತಾರೆ. ಅದರ ಪ್ರಕಾರ ಇನ್ನು 759 ಕೋಟಿ ವರ್ಷಕ್ಕೆ ಸೂರ್ಯ ಈಗಿನದರ 256 ಪಟ್ಟು ಅಗಲವಾಗುತ್ತಾನೆ, 2,700 ಪಟ್ಟಿಗೂ ಹೆಚ್ಚು ಬೆಳಗುತ್ತಾನೆ. ಸೂರ್ಯನ ಮೇಲ್ಮೈ ಅವನ ನಡುವಿನಿಂದ ಆಗ ಸುಮಾರು 18 ಕೋಟಿ ಕಿಲೋಮೀಟರ್ ದೂರದಲ್ಲಿರುತ್ತದೆ. ಭೂಮಿ ಈಗ ಇರುವುದು 15 ಕೋಟಿ ಕಿಲೋಮೀಟರ್ ದೂರದಲ್ಲಿ.

ಆದರೆ ಭೂಮಿ ಅಲ್ಲೇ ನಿಂತಿರುವುದಿಲ್ಲ. ದೈತ್ಯ ನಕ್ಷತ್ರದ ಹೊರಪದರಗಳ ಮೇಲೆ ಗುರುತ್ವದ ಹಿಡಿತ ಸಡಿಲ. ಅನಿಲ ಅಲ್ಲಿಂದ ಗಾಳಿಯಾಗಿ ಹರಿದುಹೋಗುತ್ತಲೇ ಇರುತ್ತದೆ. ಉಬ್ಬು ತುದಿ ಮುಟ್ಟುವ ಹೊತ್ತಿಗೆ ಸೂರ್ಯ ತನ್ನ ಮೂರನೇ ಒಂದು ಪಾಲು ದ್ರವ್ಯರಾಶಿಯನ್ನು ಕಳೆದುಕೊಂಡಿರುತ್ತಾನೆ ಎನ್ನುತ್ತದೆ ಇದೇ ಲೆಕ್ಕ. ಸೂರ್ಯ ಹಗುರಾದರೆ ಸೆಳೆತ ಕಡಿಮೆ, ಗ್ರಹದ ಕಕ್ಷೆ ಹಿಗ್ಗುತ್ತದೆ. ಮೂರನೇ ಒಂದು ಪಾಲು ಹೋದರೆ ಭೂಮಿ ಒಂದೂವರೆ ಪಟ್ಟು ದೂರ, ಅಂದರೆ 22 ಕೋಟಿ ಕಿಲೋಮೀಟರಿಗೆ ಸರಿಯಬೇಕು. ಅದು ಹೆಚ್ಚುಕಡಿಮೆ ಮಂಗಳನ ಈಗಿನ ಜಾಗ. ಬೆಂಕಿ 18ರಲ್ಲಿ, ಭೂಮಿ 22ರಲ್ಲಿ: ಲೆಕ್ಕ ಇಲ್ಲಿಗೇ ಮುಗಿದಿದ್ದರೆ ನಾವು ಪಾರು.

ಮುಗಿಯುವುದಿಲ್ಲ. ಶ್ರೋಡರ್ ಮತ್ತು ಸ್ಮಿತ್ ಇದೇ ಪ್ರಬಂಧದಲ್ಲಿ ಕೊಟ್ಟ ತೀರ್ಪು ಭೂಮಿಗೆ ವಿರುದ್ಧವಾಗಿದೆ. ಈಗಿನದಕ್ಕಿಂತ ಕನಿಷ್ಠ ಶೇ 15ರಷ್ಟು ಆಚೆಗಿದ್ದರೆ ಮಾತ್ರ ಭೂಮಿ ಉಳಿಯುತ್ತಿತ್ತು ಎನ್ನುತ್ತಾರೆ ಅವರು. ನಾಲ್ಕು ಕೋಟಿ ಕಿಲೋಮೀಟರ್ ಅಂತರವನ್ನು ಕಬಳಿಸಿದ್ದು ಯಾವುದು?

ಉಬ್ಬರದ ಹಗ್ಗ

ಚಂದ್ರ ನಮ್ಮ ಕಡಲಿನಲ್ಲಿ ಉಬ್ಬರ ಎಬ್ಬಿಸುವಂತೆ ಗ್ರಹವೂ ತನ್ನ ನಕ್ಷತ್ರದ ಅನಿಲದಲ್ಲಿ ಉಬ್ಬರ ಎಬ್ಬಿಸುತ್ತದೆ. ಭೂಮಿ ಚಂದ್ರನಿಗಿಂತ ಬೇಗ ತಿರುಗುತ್ತದೆ. ಆದ್ದರಿಂದ ಇಲ್ಲಿನ ಉಬ್ಬು ಚಂದ್ರನಿಗಿಂತ ಮುಂದೆ ಓಡಿ ಅವನನ್ನು ಎಳೆದು ಮುಂದಕ್ಕೆ ತಳ್ಳುತ್ತದೆ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರಿನಂತೆ ನಮ್ಮಿಂದ ದೂರವಾಗುತ್ತಿದ್ದಾನೆ. ಮಂಗಳನ ಉಪಗ್ರಹ ಫೋಬೋಸ್‌ನ ಕತೆ ತಿರುವುಮುರುವು. ಮಂಗಳ ಒಂದು ಸುತ್ತು ತಿರುಗುವುದರೊಳಗೆ ಫೋಬೋಸ್ ಮೂರು ಸುತ್ತು ಹಾಕಿಬಿಡುತ್ತದೆ. ಉಬ್ಬು ಹಿಂದೆ ಬಿದ್ದು ಅದನ್ನು ಹಿಂದಕ್ಕೆ ಜಗ್ಗುತ್ತದೆ, ಫೋಬೋಸ್ ಮೆಲ್ಲಮೆಲ್ಲನೆ ಮಂಗಳನತ್ತ ಇಳಿಯುತ್ತಿದೆ.

ದೈತ್ಯ ನಕ್ಷತ್ರದ ಗ್ರಹಗಳದು ಫೋಬೋಸ್‌ನ ಪಾಡು. ಕೈ ಚಾಚಿದರೆ ಗಿರಕಿ ನಿಧಾನವಾಗುವಂತೆ, ಉಬ್ಬಿದ ನಕ್ಷತ್ರದ ತಿರುಗಾಟವೂ ಬಹಳ ನಿಧಾನವಾಗುತ್ತದೆ. ಗ್ರಹ ಅದನ್ನು ಹಿಂದೆ ಹಾಕಿ ಓಡುತ್ತದೆ, ಉಬ್ಬು ಹಿಂದಿನಿಂದ ಜಗ್ಗುತ್ತದೆ. ಜಗ್ಗುವ ಬಲ ನಕ್ಷತ್ರದ ಗಾತ್ರದೊಂದಿಗೆ ಸಮಸಮನಾಗಿ ಏರುವುದಿಲ್ಲ; ಗಾತ್ರ ಇಮ್ಮಡಿಯಾದರೆ ಬಲ ನೂರು ಪಟ್ಟನ್ನೂ ದಾಟಬಲ್ಲದು. ಇನ್ನೊಂದು ವಿಪರ್ಯಾಸವೂ ಇದೆ. ಗ್ರಹ ಭಾರವಾದಷ್ಟೂ ಅದು ಎಬ್ಬಿಸುವ ಉಬ್ಬರ ದೊಡ್ಡದು, ಆದ್ದರಿಂದ ಅದರ ಪತನವೂ ಬೇಗ. ಒಂದೇ ದೂರದಲ್ಲಿ ಭೂಮಿಯನ್ನೂ ಗುರುವನ್ನೂ ಇಟ್ಟರೆ ಮೊದಲು ಬೀಳುವುದು ಗುರು.

ಈ ಪತನವನ್ನು ಗಡಿಯಾರ ಹಿಡಿದು ಅಳೆದದ್ದೂ ಆಗಿದೆ. ಕೆಪ್ಲರ್ ದೂರದರ್ಶಕ ಮೊದಲಿಗೇ ಗುರುತಿಸಿದ ಗ್ರಹಗಳ ಪೈಕಿ ಕೆಪ್ಲರ್-1658ಬಿ ಒಂದು. ಗುರುವಿನಂಥ ದೈತ್ಯ ಗ್ರಹ. ದೈತ್ಯವಾಗುವ ಹಾದಿಯಲ್ಲಿರುವ ನಕ್ಷತ್ರವನ್ನು 3.8 ದಿನಕ್ಕೊಮ್ಮೆ ಸುತ್ತುತ್ತದೆ. ಅದರ ಈ ಅವಧಿ ವರ್ಷಕ್ಕೆ 131 ಮಿಲಿಸೆಕೆಂಡಿನಂತೆ ಕಡಿಮೆಯಾಗುತ್ತಿದೆ ಎಂದು ಶ್ರೇಯಸ್ ವಿಸ್ಸಪ್ರಗಡ ಮತ್ತು ಸಂಗಡಿಗರು 2022ರಲ್ಲಿ ತೋರಿಸಿದರು. ಕಣ್ಣು ಮಿಟುಕಿಸುವಷ್ಟು ಹೊತ್ತೂ ಅಲ್ಲ. ಆದರೂ ಹದಿಮೂರು ವರ್ಷಗಳ ಅಳತೆಗಳನ್ನು ಸೇರಿಸಿದಾಗ ಅದು ಸ್ಪಷ್ಟವಾಗಿ ಕಂಡಿತು. ಹೀಗೇ ಸಾಗಿದರೆ ಸುಮಾರು 25 ಲಕ್ಷ ವರ್ಷದಲ್ಲಿ ಗ್ರಹ ನಕ್ಷತ್ರದೊಳಗೆ. ಗಮನಿಸಬೇಕಾದದ್ದು, ಈ ನಕ್ಷತ್ರ ಇನ್ನೂ ಸೂರ್ಯನ ಮೂರು ಪಟ್ಟಿನಷ್ಟೂ ಅಗಲವಾಗಿಲ್ಲ.

ನಡುಗುವ ನಕ್ಷತ್ರಗಳಲ್ಲಿ ಹುಡುಕಾಟ

ದೈತ್ಯ ನಕ್ಷತ್ರದ ಸುತ್ತ ಗ್ರಹವೊಂದು ಮೊದಲು ಸಿಕ್ಕಿದ್ದು 2002ರಲ್ಲಿ, ಡ್ರಾಕೊ ಪುಂಜದ ಅಯೋಟ ಎಂಬ ನಕ್ಷತ್ರದಲ್ಲಿ. ಗ್ರಹ ಸುತ್ತುವಾಗ ನಕ್ಷತ್ರವೂ ತುಸು ಹಿಂದೆಮುಂದೆ ತೂಗುತ್ತದೆ. ಆ ತೂಗಾಟ ಬೆಳಕಿನ ರೋಹಿತದ ಗೆರೆಗಳಲ್ಲಿ ಕಾಣುತ್ತದೆ. ಬರಿಗಣ್ಣಿಗೆ ಕಾಣುವ ಪುನರ್ವಸುವಿನ ಜೋಡಿಯಲ್ಲಿ ಕಿತ್ತಳೆ ಬಣ್ಣದ ಪೊಲಕ್ಸ್‌ಗೆ 590 ದಿನಕ್ಕೊಮ್ಮೆ ಸುತ್ತುವ ಗ್ರಹವಿದೆ ಎಂದು 2006ರಲ್ಲಿ ಸಾರಿದರು. ಅದು ಇರುವುದು 34 ಜ್ಯೋತಿರ್ವರ್ಷ ದೂರದಲ್ಲಿ.

ದೈತ್ಯರನ್ನೇ ಹುಡುಕಲು ಇನ್ನೊಂದು ಕಾರಣವೂ ಇದೆ. ಸೂರ್ಯನ ಎರಡು ಪಟ್ಟು ತೂಕದ ನಕ್ಷತ್ರಗಳು ಹರೆಯದಲ್ಲಿ ವಿಪರೀತ ಬಿಸಿ, ವಿಪರೀತ ವೇಗದ ತಿರುಗಾಟ. ರೋಹಿತದ ಗೆರೆಗಳು ವಿರಳ ಮತ್ತು ಮಸುಕು. ಮುಪ್ಪಿನಲ್ಲಿ ಅವು ತಣಿದು ನಿಧಾನವಾಗುತ್ತವೆ, ಗೆರೆಗಳು ಚೂಪಾಗುತ್ತವೆ. ಭಾರದ ನಕ್ಷತ್ರಗಳ ಸಂಸಾರವನ್ನು ತಿಳಿಯಲು ಅವು ಮುದಿಯಾಗುವ ತನಕ ಕಾಯುವುದೇ ಸುಲಭದ ದಾರಿ.

ಆದರೆ ಮುದುಕರ ಮೈ ತಾನಾಗಿಯೇ ನಡುಗುತ್ತದೆ. ದೈತ್ಯನ ಹೊದಿಕೆಯಲ್ಲಿ ಅನಿಲ ಕೊತಕೊತನೆ ಕುದಿಯುತ್ತದೆ, ಮೇಲ್ಮೈಯಲ್ಲಿ ಕಲೆಗಳು ಮೂಡಿ ಮಾಯವಾಗುತ್ತವೆ. ಇದೆಲ್ಲ ಗ್ರಹದ ತೂಗಾಟದಂತೆಯೇ ಕಾಣಬಲ್ಲದು. ರೋಹಿಣಿಯ ಪಾಡೇ ಇದಕ್ಕೆ ಉದಾಹರಣೆ. ಅದರಲ್ಲಿ ಎರಡು ವರ್ಷಕ್ಕೆ ತುಸು ಕಡಿಮೆ ಅವಧಿಯ ತೂಗಾಟ 1993ರಲ್ಲೇ ಕಂಡಿತ್ತು. 2015ರಲ್ಲಿ ಆರ್ಟಿ ಹಾಟ್ಜೆಸ್ ಮತ್ತು ಸಂಗಡಿಗರು ಅದು ಗ್ರಹವೇ ಎಂದರು. 2019ರಲ್ಲಿ ಇನ್ನೊಂದು ತಂಡ ಇನ್ನಷ್ಟು ಅಳತೆಗಳನ್ನು ಸೇರಿಸಿ ಆ ಮಾತನ್ನು ಪ್ರಶ್ನಿಸಿತು. ಡ್ರಾಕೊ ಪುಂಜದ ಗಾಮಾ ನಕ್ಷತ್ರದ ಕತೆ ಇನ್ನೂ ವಿಚಿತ್ರ. ಅಲ್ಲಿ 2003ರಿಂದ 2011ರ ತನಕ 702 ದಿನದ ತೂಗಾಟ ಗಡಿಯಾರದಂತೆ ನಡೆಯಿತು. ಆಮೇಲೆ ನಿಂತಿತು. ಕೆಲವು ವರ್ಷ ಬಿಟ್ಟು ತಾಳ ತಪ್ಪಿ ಮತ್ತೆ ಶುರುವಾಯಿತು. ಗ್ರಹ ಹೀಗೆ ರಜೆ ಹಾಕುವುದಿಲ್ಲ. ಅದು ನಕ್ಷತ್ರದ ಮೈಯದೇ ಮಿಡಿತ. ದೈತ್ಯರ ಗ್ರಹಗಳ ಯಾವುದೇ ಪಟ್ಟಿಯನ್ನು ಓದುವಾಗ ಈ ಎಚ್ಚರ ಇರಬೇಕು.

ಐದು ಲಕ್ಷ ನಕ್ಷತ್ರಗಳ ಜನಗಣತಿ

ಒಂದೊಂದು ನಕ್ಷತ್ರದ ಸಾಕ್ಷ್ಯ ಹೀಗೆ ಅಲುಗಾಡುವಾಗ ಗುಂಪಿನ ಲೆಕ್ಕ ಹೆಚ್ಚು ನಂಬಿಕೆಗೆ ಅರ್ಹ. ದೈತ್ಯ ನಕ್ಷತ್ರಗಳಿಗೆ ತೀರ ಹತ್ತಿರದಲ್ಲಿ ಗ್ರಹಗಳು ಕಾಣುತ್ತಿಲ್ಲ ಎಂಬ ಅನುಮಾನ ಮೊದಲಿನಿಂದಲೂ ಇತ್ತು. ಅವನ್ನು ನಕ್ಷತ್ರ ತಿಂದಿದೆಯೇ, ಅಥವಾ ಅಂಥ ಗ್ರಹಗಳು ಅಲ್ಲಿ ಹುಟ್ಟಲೇ ಇಲ್ಲವೇ? ಎಡ್ವರ್ಡ್ ಬ್ರಯಂಟ್ ಮತ್ತು ವಿನ್ಸೆಂಟ್ ವ್ಯಾನ್ ಐಲೆನ್ 2025ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ನೇರ ಉತ್ತರ ಹುಡುಕಿತು. ಅವರು ಟೆಸ್ ದೂರದರ್ಶಕದ ದತ್ತಾಂಶದಿಂದ ಹರೆಯ ದಾಟಿದ ಸುಮಾರು ಐದು ಲಕ್ಷ ನಕ್ಷತ್ರಗಳನ್ನು ಆಯ್ದು, 12 ದಿನದೊಳಗೆ ಸುತ್ತು ಮುಗಿಸುವ ದೊಡ್ಡ ಗ್ರಹಗಳನ್ನು ಹುಡುಕಿದರು. ಸಿಕ್ಕಿದ್ದು, ಸಂಭಾವ್ಯವೆನಿಸಿದವೂ ಸೇರಿ, 130. ಈಗಷ್ಟೇ ಮುಪ್ಪಿಗೆ ಕಾಲಿಟ್ಟ ನಕ್ಷತ್ರಗಳಲ್ಲಿ ಇಂಥ ಗ್ರಹಗಳ ಪ್ರಮಾಣ ಶೇ 0.35; ಕೆಂಪು ದೈತ್ಯವಾದವುಗಳಲ್ಲಿ ಶೇ 0.11. ಮುಪ್ಪು ಏರಿದಂತೆ ಮೂರರಲ್ಲಿ ಎರಡು ಕಾಣೆಯಾಗಿವೆ. ಹುಟ್ಟದೇ ಇದ್ದವುಗಳ ಲೆಕ್ಕ ಹೀಗೆ ವಯಸ್ಸಿನೊಂದಿಗೆ ಇಳಿಯುವುದಿಲ್ಲ. ಇವು ಅಳಿದವು.

ಸರದಿಯಲ್ಲಿ ನಿಂತಿರುವ ಒಂದು ಗ್ರಹವನ್ನು ಭಾರತೀಯರೂ ಪತ್ತೆಹಚ್ಚಿದ್ದಾರೆ. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ತಂಡ ಮೌಂಟ್ ಅಬುವಿನ 1.2 ಮೀಟರ್ ದೂರದರ್ಶಕಕ್ಕೆ ಜೋಡಿಸಿದ ಪಾರಸ್ ಎಂಬ ರೋಹಿತ ಉಪಕರಣದ ನೆರವಿನಿಂದ 2021ರಲ್ಲಿ ಟಿಒಐ-1789ಬಿ ಎಂಬ ಗ್ರಹವನ್ನು ಖಚಿತಪಡಿಸಿತು. ಹರೆಯ ದಾಟುತ್ತಿರುವ ತನ್ನ ನಕ್ಷತ್ರವನ್ನು ಅದು 3.2 ದಿನಕ್ಕೊಮ್ಮೆ ಸುತ್ತುತ್ತದೆ. ತೂಕ ಗುರುವಿನ ಮುಕ್ಕಾಲಿಗೂ ಕಡಿಮೆ, ಅಗಲ ಒಂದೂಕಾಲು ಪಟ್ಟಿಗೂ ಹೆಚ್ಚು. ಬಿಸಿಗೆ ಪೂರಿಯಂತೆ ಉಬ್ಬಿ ನಿಂತಿದೆ.

ನುಂಗಿದ್ದಕ್ಕೆ ಸಾಕ್ಷಿ

ನುಂಗುವ ಕ್ಷಣವನ್ನೇ ಯಾರಾದರೂ ನೋಡಿದ್ದಾರೆಯೇ? 2020ರ ಮೇ ತಿಂಗಳಲ್ಲಿ, ಶ್ರವಣ ನಕ್ಷತ್ರವಿರುವ ಗರುಡ ಪುಂಜದ ದಿಕ್ಕಿನಲ್ಲಿ, ಸುಮಾರು 12,000 ಜ್ಯೋತಿರ್ವರ್ಷ ದೂರದ ಒಂದು ನಕ್ಷತ್ರ ಹತ್ತೇ ದಿನದಲ್ಲಿ ನೂರು ಪಟ್ಟು ಬೆಳಗಿ ನಂದಿತು. ಎರಡು ನಕ್ಷತ್ರಗಳು ಡಿಕ್ಕಿ ಹೊಡೆದರೆ ಹೊಮ್ಮುವ ಶಕ್ತಿಗೆ ಹೋಲಿಸಿದರೆ ಇದು ಸಾವಿರದಲ್ಲೊಂದು ಪಾಲು ಮಾತ್ರ. ಸುತ್ತ ಹಬ್ಬಿದ್ದು ತಣ್ಣನೆಯ ದೂಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ಹೋದ ಕಿಶಲಯ್ ಡೇ ಮತ್ತು ಸಂಗಡಿಗರು 2023ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದಕ್ಕೆ ಕೊಟ್ಟ ವಿವರಣೆ: ಸೂರ್ಯನಂಥ ನಕ್ಷತ್ರವೊಂದು ಗುರುವಿನ ಹತ್ತು ಪಟ್ಟಿಗಿಂತ ಹಗುರವಾದ ಗ್ರಹವನ್ನು ನುಂಗಿದೆ. ಉಬ್ಬುತ್ತಿರುವ ನಕ್ಷತ್ರ ಗ್ರಹವನ್ನು ಮುಟ್ಟಿತು ಎಂದೇ ಎಲ್ಲರೂ ಭಾವಿಸಿದರು.

2025ರಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಅಳತೆ ಬಂದಾಗ ಕತೆ ತಿರುಗಿತು. ಆ ನಕ್ಷತ್ರ ಕೆಂಪು ದೈತ್ಯದಷ್ಟು ಬೆಳಗುತ್ತಿರಲಿಲ್ಲ. ಅದು ಉಬ್ಬಿಯೇ ಇರಲಿಲ್ಲ. ಗ್ರಹವೇ ಲಕ್ಷಾಂತರ ವರ್ಷ ಇಂಚಿಂಚಾಗಿ ಒಳಸರಿಯುತ್ತ ಬಂದು ನಕ್ಷತ್ರಕ್ಕೆ ಬಿದ್ದಿತ್ತು. ಕೊಂದದ್ದು ಹೊಟ್ಟೆಯಲ್ಲ, ಹಗ್ಗ.

ನುಂಗಿದ ಗ್ರಹದ ಕುರುಹು ನಕ್ಷತ್ರದ ರಾಸಾಯನಿಕದಲ್ಲೂ ಉಳಿಯಬೇಕು ಎಂಬ ತರ್ಕ ಹಳೆಯದು. ಲಿಥಿಯಂ ನಕ್ಷತ್ರದ ಒಳಬಿಸಿಗೆ ನಾಶವಾಗುವ ಧಾತು. ದೈತ್ಯರಲ್ಲಿ ಅದು ತೀರ ಕಡಿಮೆ ಇರಬೇಕು. ನೂರರಲ್ಲಿ ಒಂದೆರಡರಲ್ಲಿ ಮಾತ್ರ ಹೇರಳವಾಗಿ ಸಿಕ್ಕಾಗ, ಅವು ಗ್ರಹ ತಿಂದಿರಬಹುದು ಎಂದು 1960ರ ದಶಕದಿಂದಲೂ ಊಹಿಸಿದ್ದರು. ಈ ಊಹೆಯ ಬುಡ ಅಲುಗಾಡಿಸಿದ್ದರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಪಾಲು ದೊಡ್ಡದು. ಯರ್ರಾ ಭರತ್ ಕುಮಾರ್, ಬಿ. ಈಶ್ವರ ರೆಡ್ಡಿ ಮತ್ತು ಸಂಗಡಿಗರು 2020ರಲ್ಲಿ ತೋರಿಸಿದಂತೆ, ತಿರುಳಿನಲ್ಲಿ ಹೀಲಿಯಂ ಉರಿಸುವ ಹಂತಕ್ಕೆ ಬಂದ ಸಾಮಾನ್ಯ ದೈತ್ಯರಲ್ಲಿ ಲಿಥಿಯಂ ಸರಾಸರಿ 40 ಪಟ್ಟು ಏರುತ್ತದೆ. ಅಂದರೆ ನಕ್ಷತ್ರಗಳು ಅದನ್ನು ತಮ್ಮೊಳಗೇ ತಯಾರಿಸುತ್ತವೆ. ಲಿಥಿಯಂ ಕಂಡ ಮಾತ್ರಕ್ಕೆ ಗ್ರಹ ನುಂಗಿದೆ ಎನ್ನುವಂತಿಲ್ಲ.

ಉಳಿಯಬಾರದಿದ್ದವು

ಇಷ್ಟರ ಮೇಲೆ ಬಂದದ್ದು ಹಲ್ಲಾ. ಕೊರಿಯಾದ ಖಗೋಳಜ್ಞರು 2015ರಲ್ಲಿ ಕಂಡ ಈ ಗ್ರಹಕ್ಕೆ ಅಲ್ಲಿನ ಹಲ್ಲಾ ಬೆಟ್ಟದ ಹೆಸರು. ಅದರ ನಕ್ಷತ್ರಕ್ಕೆ ಬೇಕ್ಡು ಬೆಟ್ಟದ ಹೆಸರು. ಗ್ರಹ ಇರುವುದು ನಕ್ಷತ್ರದಿಂದ ಸುಮಾರು 7 ಕೋಟಿ ಕಿಲೋಮೀಟರ್ ದೂರದಲ್ಲಿ. ನಕ್ಷತ್ರದ ಮಿಡಿತಗಳನ್ನು ಟೆಸ್‌ನಿಂದ ಓದಿದ ಮಾರ್ಕ್ ಹಾನ್ ತಂಡ 2023ರಲ್ಲಿ ಒಂದು ಒಗಟು ಮುಂದಿಟ್ಟಿತು. ಬೇಕ್ಡು ಈಗ ತಿರುಳಿನಲ್ಲಿ ಹೀಲಿಯಂ ಉರಿಸುತ್ತಿದೆ. ಅಂದರೆ ಅದು ಒಮ್ಮೆ ಪೂರ್ತಿ ಉಬ್ಬಿ, ಸುಮಾರು 10 ಕೋಟಿ ಕಿಲೋಮೀಟರ್ ತನಕ ಚಾಚಿ, ಮತ್ತೆ ಕುಗ್ಗಿರಬೇಕು. ಹಾಗಾದರೆ 7 ಕೋಟಿಯಲ್ಲಿರುವ ಗ್ರಹ ಹೇಗೆ ಉಳಿಯಿತು?

ತಂಡ ಕೊಟ್ಟ ಉತ್ತರ ಎರಡು ಬಗೆಯದು. ಬೇಕ್ಡು ಹಿಂದೆ ಜೋಡಿ ನಕ್ಷತ್ರವಾಗಿತ್ತು; ಅವೆರಡೂ ಕೂಡಿಕೊಂಡಾಗ ಹೀಲಿಯಂ ಉರಿ ಬೇಗನೆ ಹೊತ್ತಿಕೊಂಡು, ನಕ್ಷತ್ರ ಪೂರ್ತಿ ಉಬ್ಬಲೇ ಇಲ್ಲ ಎಂಬುದು ಒಂದು. ಆ ಕೂಡಿಕೆಯಲ್ಲಿ ಚೆಲ್ಲಿದ ಅನಿಲದಿಂದ ಗ್ರಹ ಎರಡನೇ ತಲೆಮಾರಿನ ಕೂಸಾಗಿ ಹುಟ್ಟಿತು ಎಂಬುದು ಇನ್ನೊಂದು. ಯಾವುದೇ ನಿಜವಾಗಲಿ, ಗ್ರಹದ ಆಯುಷ್ಯವನ್ನು ಅದರ ದೂರ ಒಂದರಿಂದಲೇ ಹೇಳುವಂತಿಲ್ಲ, ನಕ್ಷತ್ರದ ಸಂಸಾರದ ಚರಿತ್ರೆಯೂ ಬೇಕು ಎಂಬುದನ್ನು ಹಲ್ಲಾ ಕಲಿಸುತ್ತದೆ.

ಬೂದಿಯ ಸುತ್ತ

ದೈತ್ಯ ಹಂತ ಮುಗಿದ ಮೇಲೆ ಉಳಿಯುವುದು ಭೂಮಿಯಷ್ಟೇ ಗಾತ್ರದ, ಸೂರ್ಯನ ಅರ್ಧದಷ್ಟು ತೂಕದ ಶ್ವೇತ ಕುಬ್ಜ. ಅಲ್ಲಿ ಇನ್ನೂ ಗ್ರಹಗಳಿದ್ದರೆ ಅವೇ ಕೊನೆಯ ತನಕ ಉಳಿದವು. ಇದರ ಮೊದಲ ಸುಳಿವು ನೂರು ವರ್ಷದಷ್ಟು ಹಳೆಯದು. 1917ರಲ್ಲಿ ಆಡ್ರಿಯಾನ್ ವ್ಯಾನ್ ಮಾನೆನ್ ಗುರುತಿಸಿದ ನಕ್ಷತ್ರದ ರೋಹಿತವನ್ನು ಅದೇ ವರ್ಷ ಗಾಜಿನ ತಟ್ಟೆಯ ಮೇಲೆ ಹಿಡಿದಿದ್ದರು. ಅದರಲ್ಲಿ ಕ್ಯಾಲ್ಸಿಯಂ ಗೆರೆಗಳಿದ್ದವು. ಶ್ವೇತ ಕುಬ್ಜದ ಗುರುತ್ವ ಎಷ್ಟು ಪ್ರಬಲವೆಂದರೆ ಭಾರದ ಧಾತುಗಳು ಬೇಗನೆ ತಳಕ್ಕಿಳಿಯುತ್ತವೆ. ಮೇಲೆ ಕಂಡರೆ ಅವು ಇತ್ತೀಚೆಗೆ ಹೊರಗಿನಿಂದ ಬಿದ್ದಿರಬೇಕು. ಆ ತಟ್ಟೆಯ ಮಹತ್ವವನ್ನು ಜೇ ಫಾರಿಹಿ 2016ರಲ್ಲಿ ಎತ್ತಿ ತೋರಿಸಿದರು. ಇಂದು ಕಾಲು ಭಾಗಕ್ಕೂ ಹೆಚ್ಚು ಶ್ವೇತ ಕುಬ್ಜಗಳಲ್ಲಿ ಇಂಥ ಕಲಬೆರಕೆ ಕಂಡಿದೆ. ಬಿದ್ದದ್ದು ಬಹುಪಾಲು ಒಡೆದ ಕ್ಷುದ್ರಗ್ರಹಗಳ ಪುಡಿ. ನಕ್ಷತ್ರ ಹಗುರಾದ ಮೇಲೆ ಉಳಿದ ಗ್ರಹಗಳ ಪರಸ್ಪರ ಸೆಳೆತದ ಪಾಲು ಹೆಚ್ಚುತ್ತದೆ, ಕ್ಷುದ್ರಗ್ರಹಗಳು ದಾರಿ ತಪ್ಪಿ ಒಳಗೆ ಬೀಳುತ್ತವೆ. 2015ರಲ್ಲಿ ಡಬ್ಲ್ಯುಡಿ 1145 ಎಂಬ ಕುಬ್ಜದ ಸುತ್ತ ನಾಲ್ಕೂವರೆ ಗಂಟೆಗೊಮ್ಮೆ ತಿರುಗುತ್ತ ಪುಡಿಯಾಗುತ್ತಿರುವ ಕಾಯವನ್ನೇ ಹಿಡಿದರು.

ಇಡಿಯಾಗಿ ಉಳಿದ ಗ್ರಹಗಳೂ ಸಿಕ್ಕಿವೆ. 2020ರಲ್ಲಿ ಆಂಡ್ರ್ಯೂ ವ್ಯಾಂಡರ್‌ಬರ್ಗ್ ತಂಡ ಪ್ರಕಟಿಸಿದ ಡಬ್ಲ್ಯುಡಿ 1856ಬಿ ತನ್ನ ನಕ್ಷತ್ರಕ್ಕಿಂತ ಏಳು ಪಟ್ಟು ಅಗಲ. 34 ಗಂಟೆಗೊಮ್ಮೆ ಸುತ್ತುತ್ತದೆ. ದೈತ್ಯ ಹಂತದಲ್ಲಿ ಆ ಜಾಗ ನಕ್ಷತ್ರದ ಹೊಟ್ಟೆಯೊಳಗೇ ಇತ್ತು. ಆದ್ದರಿಂದ ಗ್ರಹ ದೂರದಲ್ಲಿ ಬದುಕುಳಿದು ಆಮೇಲೆ ಒಳಬಂದಿರಬೇಕು, ಇಲ್ಲವೇ ಹೊದಿಕೆಯೊಳಗೆ ಮುಳುಗಿಯೂ ಅದನ್ನೇ ಕಿತ್ತೊಗೆದು ಪಾರಾಗಿರಬೇಕು.

ಭೂಮಿಯ ಪಾಲಿಗೆ

ಇಷ್ಟೆಲ್ಲ ಸಾಕ್ಷ್ಯ ಸೇರಿಸಿದ ಮೇಲೂ ಭೂಮಿಯ ತೀರ್ಪು ತೂಗುತ್ತಲೇ ಇದೆ. ಕಾರಣ ನಕ್ಷತ್ರದ ಗಾತ್ರವಲ್ಲ. ಗಾತ್ರವನ್ನು ನಾವು ಚೆನ್ನಾಗಿಯೇ ಬಲ್ಲೆವು. ಅನುಮಾನವಿರುವುದು ಎರಡು ಕಡೆ: ಉಬ್ಬರದ ಹಗ್ಗ ಎಷ್ಟು ಬಿಗಿ, ನಕ್ಷತ್ರ ತೂಕ ಕಳೆದುಕೊಳ್ಳುವುದು ಎಷ್ಟು ಮತ್ತು ಯಾವಾಗ. ಸೂರ್ಯ ಮೂರನೇ ಒಂದು ಪಾಲು ಕಳೆದುಕೊಳ್ಳುತ್ತಾನೆ ಎಂದು 2008ರ ಲೆಕ್ಕ ಹೇಳಿದರೆ, ಎನ್‌ಜಿಸಿ 6791 ಎಂಬ ಹಳೆಯ ನಕ್ಷತ್ರಗುಚ್ಛವನ್ನು ಕೆಪ್ಲರ್‌ನಿಂದ ತೂಗಿ ನೋಡಿದ 2012ರ ಅಧ್ಯಯನ, ಅಲ್ಲಿನ ದೈತ್ಯರು ಆ ಹಂತದಲ್ಲಿ ಕಳೆದುಕೊಂಡದ್ದು ಸೂರ್ಯನ ತೂಕದ ಹತ್ತನೇ ಒಂದು ಪಾಲಿನಷ್ಟು ಮಾತ್ರ ಎಂದಿತು. ಆ ನಕ್ಷತ್ರಗಳಲ್ಲಿ ಲೋಹಾಂಶ ಸೂರ್ಯನಿಗಿಂತ ಹೆಚ್ಚು. ಅವುಗಳ ಅಳತೆಯನ್ನು ಸೂರ್ಯನಿಗೆ ಹಾಗೇ ಹೊಂದಿಸುವಂತಿಲ್ಲ. ಆದರೂ ಸೂರ್ಯ ಅಷ್ಟೇ ಕಳೆದುಕೊಂಡರೆ ಭೂಮಿ ಸರಿಯುವುದು 17 ಕೋಟಿ ಕಿಲೋಮೀಟರಿನ ಹತ್ತಿರಕ್ಕೆ ಮಾತ್ರ, ಹಗ್ಗವೇ ಬೇಕಿಲ್ಲ.

ಇನ್ನೊಂದು ಪಕ್ಷಕ್ಕೆ ಸಾಕ್ಷಿ ಹೇಳಲು 4,000 ಜ್ಯೋತಿರ್ವರ್ಷ ದೂರದ ಒಂದು ಕಲ್ಲಿನ ಲೋಕವಿದೆ. ಕೆಮಿಂಗ್ ಜಾಂಗ್ ತಂಡ 2024ರಲ್ಲಿ ಗುರುತಿಸಿದ ಅದು ಭೂಮಿಯ ಸುಮಾರು ಎರಡು ಪಟ್ಟು ತೂಕದ್ದು. ಶ್ವೇತ ಕುಬ್ಜವೊಂದರ ಸುತ್ತ ಭೂಮಿಯ ಕಕ್ಷೆಗಿಂತ ಎರಡು ಪಟ್ಟು ದೂರದಲ್ಲಿ ತಿರುಗುತ್ತಿದೆ. ನಕ್ಷತ್ರ ಅರ್ಧ ತೂಕ ಕಳೆದುಕೊಂಡರೆ ಕಕ್ಷೆ ಇಮ್ಮಡಿಯಾಗುತ್ತದೆ. ಅಂದರೆ ಒಂದು ಕಾಲಕ್ಕೆ ಅದು ಇದ್ದದ್ದು ಸುಮಾರಾಗಿ ಈಗ ಭೂಮಿ ಇರುವ ದೂರದಲ್ಲಿ. ಅದು ಉಳಿದಿದೆ.

ಭೂಮಿ ಉಳಿದರೂ ನಾವು ನೋಡುವುದಿಲ್ಲ. ಸೂರ್ಯನ ಬೆಳಕು ನೂರು ಕೋಟಿ ವರ್ಷಕ್ಕೆ ಶೇ 10ರಷ್ಟು ಏರುತ್ತಿದೆ. ಕಡಲು ಆವಿಯಾಗಲು ಅಷ್ಟೇ ಸಾಕು. ದೈತ್ಯ ಬರುವ ಹೊತ್ತಿಗೆ ಇಲ್ಲಿ ಮಳೆ ನಿಂತು ಯುಗಗಳೇ ಕಳೆದಿರುತ್ತವೆ. ಸೂರ್ಯ ಯಾವ ನಕ್ಷತ್ರದ ಎದುರು ನಿಂತರೂ ಅದರ ಹೆಸರಿಗೆ ಹನಿಯೂ ಬೀಳದು.